ನೆವಿಲ್ ಬಾಕಿ ಬಿಟ್ಟ ಒಂದು ಪೌಂಡ್

ನೆವಿಲ್ ತ್ರೆಲ್ಫಾಲ್ ಕೆಟ್ಟವನಲ್ಲ ಅಂತ ಹೇಳೋರು ನಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರೂ ಅವನ ಪಕ್ಕದ ಮನೆಯಲ್ಲಿ ಬಾಳಿದವರಲ್ಲ. ನಾನು ಬಾಳಿದ್ದೇನೆ. ಇಂಗ್ಲೆಂಡಿನ ನಮ್ಮ ಬರ್ನ್ಲಿ ಊರಿನ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಅವನು ಆ ಕಡೆ ಸೀನಿದರೆ ನಾನು ಈ ಕಡೆ ಕೂತು ‘ದೇವರು ಒಳ್ಳೇದು ಮಾಡಲಿ’ ಅನ್ನಬೇಕು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಗೋಡೆಯಾಚೆಗಿನ ಮಾತೆಲ್ಲ ನನ್ನ ಕಿವಿಗೆ ಬಿದ್ದಿದೆ. ಕದ್ದು ಕೇಳಿದ್ದಲ್ಲ, ಕೇಳದೆ ಇರೋದಕ್ಕೆ ಆಗುತ್ತಿರಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತಾರಲ್ಲ, ನೆವಿಲ್ ಆ ಪೈಕಿ. ಬರೀ ಜಿಪುಣನಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಅವನ ಜಿಪುಣತನಕ್ಕೆ ಒಂದು ಗುರಿ ಇತ್ತು, ಅದೇ ಬಂದ ಕಷ್ಟ.

ಆ ಗುರಿ ಯಾವುದು ಅನ್ನೋದನ್ನ ಅವನೇ ಒಮ್ಮೆ ನನಗೆ ಹೇಳಿದ್ದ. ಚಿಕ್ಕವನಿದ್ದಾಗ ಅವನಪ್ಪ ಬಾಡಿಗೆ ದುಡ್ಡನ್ನೆಲ್ಲ ಕುಡಿದು ಹಾಕಿದನಂತೆ. ಮನೆಯ ಧಣಿ ಆಳು ಕಳಿಸಿ ಸಾಮಾನೆಲ್ಲ ಬೀದಿಗೆ ಹಾಕಿಸಿದ.

“ನಮ್ಮಮ್ಮ ರಸ್ತೆ ಮಧ್ಯೆ ಮಂಚದ ಮೇಲೆ ಕೂತಿದ್ದಳು, ವಿನಿ. ಎಲ್ಲರೂ ಪರದೆ ಸರಿಸಿ ಸರಿಸಿ ನೋಡ್ತಿದ್ರು. ಒಬ್ಬರಾದ್ರೂ ಒಳಗೆ ಬಾ ಅನ್ನಲಿಲ್ಲ. ನನ್ನ ಹೊಸಿಲಿಂದ ನನ್ನನ್ನ ಯಾರೂ ಎಬ್ಬಿಸಬಾರದು ಕಣೇ. ನಂಗೆ ಬೇಕಾಗಿರೋದು ಅಷ್ಟೇ.”

ಕೇಳಿ ನನ್ನ ಕರುಳು ಚುರುಕ್ ಅಂದದ್ದು ನಿಜ. ಆಗಿನ್ನೂ ಅವನು ನಮ್ಮ ಬೀದಿಗೆ ಹೊಸಬ. ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಕೈ ತುಂಬ ಗ್ರೀಸು. ಹೆಂಡತಿ ಏವ್ರಿಲ್‌ಗೆ ಬಿಸ್ಕತ್ ಫ್ಯಾಕ್ಟರಿಯಲ್ಲಿ ಕೆಲಸ. ಕಂಕುಳಲ್ಲಿ ಮಗಳು ಲಿನೆಟ್. ಮನೆಸಾಲ ಕೊಡುವ ಸೊಸೈಟಿಯವರು ಅವನೊಬ್ಬನ ಸಂಬಳ ಸಾಲದು ಅಂದದ್ದಕ್ಕೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಇಬ್ಬರ ಹೆಸರಲ್ಲೂ ಹದಿಮೂರು ಸಾವಿರ ಪೌಂಡಿಗೆ ಮನೆ ತಗೊಂಡರು. ತೀರಿಸೋದಕ್ಕೆ ಇಪ್ಪತ್ತೈದು ವರ್ಷ. ನಮ್ಮ ಬೀದಿಯಲ್ಲಿ ಯಾರ ಮನೆ ತಾನೇ ಸಾಲದ್ದಲ್ಲ? ಎಲ್ಲರೂ ತಿಂಗಳ ಕಂತು ಕಟ್ಟಿ, ಮಿಕ್ಕಿದ್ದರಲ್ಲಿ ಶನಿವಾರ ಬಿಯರ್ ಕುಡಿದು, ಜುಲೈ ರಜೆಗೆ ಬ್ಲ್ಯಾಕ್‌ಪೂಲ್ ಸಮುದ್ರ ನೋಡಿ ಬಂದು ಹಾಯಾಗಿದ್ದೆವು.

ನೆವಿಲ್ ಮಾತ್ರ ಒಂದು ದಿನ ಸೊಸೈಟಿಯಿಂದ ಓಡೋಡಿ ಬಂದ. ಕೌಂಟರಿನ ಹುಡುಗಿ ಅವನ ಕಿವಿಯಲ್ಲಿ ಅದೇನೋ ಮಂತ್ರ ಊದಿದ್ದಳು.

“ತಿಂಗಳ ಕಂತು ಹೋಗೋದೇ ಬಡ್ಡಿ ಹೊಟ್ಟೆಗೆ, ವಿನಿ. ಅದರ ಮೇಲೆ ಹೆಚ್ಚಿಗೆ ಏನಾದ್ರೂ ಕಟ್ಟಿದೆ ಅಂತಿಟ್ಕೋ, ಅದು ನೇರ ಅಸಲಿಗೆ. ಇವತ್ತು ಒಂದು ಪೌಂಡ್ ಹೆಚ್ಚಿಗೆ ಕಟ್ಟಿದ್ರೆ ಮುಂದೆ ಮೂರು ಪೌಂಡ್ ಕಟ್ಟೋದು ತಪ್ಪುತ್ತೆ!”

“ಇವತ್ತು ಒಂದು ಪೌಂಡಿಗೆ ಸಾಸೇಜ್ ತಂದು ಹುರಿದು ತಿಂದ್ರೆ?” ಅಂದೆ ನಾನು.

“ಮೂರು ಪೌಂಡ್ ನುಂಗಿದಂಗೆ” ಅಂದ. ತಮಾಷೆಗೆ ಹೇಳಿದ್ದಲ್ಲ. ಮುಖ ಗಂಟು ಹಾಕಿಕೊಂಡೇ ಹೇಳಿದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಮೂರರ ಲೆಕ್ಕ. ಅಂಗಡಿಯಲ್ಲಿ ಬೆಲೆ ನೋಡಿದರೆ ಅದಕ್ಕೆ ಮೂರು ಕೂಡಿಸಲ್ಲ, ಮೂರರಿಂದ ಗುಣಿಸುತ್ತಾನೆ. ಏವ್ರಿಲ್ ಕಾಲುಚೀಲ ಹರಿದಿದೆ ಅಂದರೆ, “ಮೂರು ಜೊತೆ ದುಡ್ಡು ಕಣೇ, ಹೊಲಿದುಕೋ.” ಮನೆ ಬಿಸಿ ಮಾಡೋ ಗ್ಯಾಸನ್ನ ಅವನು ಹಚ್ಚುತ್ತಿದ್ದದ್ದು ಕ್ರಿಸ್ಮಸ್ ದಿನ, ಅದೂ ಊಟದ ಹೊತ್ತಿಗೆ. ಜನವರಿಯಲ್ಲಿ ಆ ಮನೆಯೊಳಗೆ ಹೋದರೆ ಬಾಯಿಂದ ಹೊಗೆ ಬರುತ್ತಿತ್ತು. ತಾಯಿ ಮಗಳು ಕೋಟು ಹಾಕಿಕೊಂಡೇ ಟೀವಿ ಮುಂದೆ ಕೂರುತ್ತಿದ್ದರು. ಸ್ನಾನದ ತೊಟ್ಟಿಯ ಒಂದೇ ನೀರಿಗೆ ಮೊದಲು ಮಗಳು, ಆಮೇಲೆ ಏವ್ರಿಲ್, ಕೊನೆಗೆ ಅವನು. ‘ನಾನು ಕೊನೇಲಿ ತಾನೇ ಇಳಿಯೋದು’ ಅಂತ ಅದನ್ನೊಂದು ತ್ಯಾಗ ಅನ್ನೋ ಹಾಗೆ ಹೇಳುತ್ತಿದ್ದ. ಮನೆ ಊಟ ತಿಂಡಿಗೆಲ್ಲ ಏವ್ರಿಲ್ ಬಿಸ್ಕತ್ ಫ್ಯಾಕ್ಟರಿಯ ಸಂಬಳ. ಅವನ ಸಂಬಳ, ಭಾನುವಾರದ ಓವರ್‌ಟೈಮು, ರಜೆ ದಿನದ ಓವರ್‌ಟೈಮು ಎಲ್ಲ ಸೊಸೈಟಿಗೆ. ಬಡ್ಡಿ ದರ ಹದಿನೈದಕ್ಕೆ ಏರಿ ಬೀದಿಯವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತ ವರ್ಷ ಅವನೊಬ್ಬನೇ ಎದೆಯುಬ್ಬಿಸಿ ಓಡಾಡಿದ. “ಹೇಳಿದ್ನಲ್ಲ?” ಅಂತ ಎಲ್ಲರ ಬಾಗಿಲಿಗೂ ಹೋಗಿ ಹೇಳಿ ಬಂದ. ಕೊರಳು ಹಿಸುಕಬೇಕು ಅನ್ನಿಸಿತ್ತು.

ಏವ್ರಿಲ್ ಹಲ್ಲಿನ ಕತೆ ಕೇಳಿ. ಮುಂದಿನ ಹಲ್ಲು ಹುಳುಕು ಹಿಡಿದು ನೋವು ತಡೆಯಲಾರದೆ ದಂತವೈದ್ಯರ ಹತ್ತಿರ ಹೋದಳು. ಹಲ್ಲು ಉಳಿಸಿ ಮೇಲೊಂದು ಕ್ಯಾಪ್ ಕೂರಿಸೋದಕ್ಕೆ ಇಷ್ಟು, ಕಿತ್ತು ಹಾಕೋದಕ್ಕೆ ಅದರಲ್ಲಿ ಕಾಲುಭಾಗವೂ ಇಲ್ಲ ಅಂದರು. ಮನೆಗೆ ಬಂದು ಗಂಡನಿಗೆ ಹೇಳಿದಳು. ಗೋಡೆಯಾಚೆಯಿಂದ ನನಗೆ ಕೇಳಿಸಿತು.

“ನಿಂಗೆಷ್ಟು ಹಲ್ಲಿವೆ?” ಅಂತ ಕೇಳಿದ ಪುಣ್ಯಾತ್ಮ. “ಒಂದು ಹೋದ್ರೆ ಪ್ರಪಂಚ ಮುಳುಗುತ್ತಾ? ತೆಗೆಸಿ ಬಿಸಾಕು.”

ತೆಗೆಸಿದಳು. ಅವತ್ತಿಂದ ನಕ್ಕರೆ ಬಾಯಿಗೆ ಕೈ ಅಡ್ಡ. ನಾನು ಮನೆಯ ಮುಂದಿನ ಕೋಣೆಯಲ್ಲೇ ಬೀದಿಯ ಹೆಂಗಸರ ಕೂದಲು ಕತ್ತರಿಸಿ ಜೀವನ ಮಾಡುವವಳು. ಅವಳಿಗೆ ಬಿಟ್ಟಿಯಾಗಿ ಮಾಡಿಕೊಡುತ್ತಿದ್ದೆ. ಕನ್ನಡಿಯಲ್ಲಿ ಮುಖ ನೋಡಿಕೊಂಡು ಕೂರುತ್ತಿದ್ದಳು, ತುಟಿ ಪಿಟಕ್ ಅನ್ನುತ್ತಿರಲಿಲ್ಲ. “ಬೈಯೇ, ನನ್ನವ್ವಾ, ಒಂದ್ಸಲ ಬಾಯಿ ತುಂಬ ಬೈದುಬಿಡೇ” ಅಂತ ನಾನೇ ಗೋಗರೆದಿದ್ದೇನೆ. “ಬೈದ್ರೆ ಏನು ಬಂತು ವಿನಿ” ಅನ್ನೋಳು. ಆಮೇಲೆ ಅದೂ ಇದೂ ಮಾತಾಡಿ, ಎದ್ದು ಹೋಗುವಾಗ ಒಂದು ಮಾತು ಕೇಳೋಳು: “ನಮ್ಮ ಬೀದೀಲಿ ಈಗ ಮನೆ ಎಷ್ಟಕ್ಕೆ ಹೋಗ್ತಿದೆಯಂತೆ?” ಗಂಡನ ಹುಚ್ಚು ಇವಳಿಗೂ ಅಂಟಿತಲ್ಲ ಅಂದುಕೊಂಡು ನಾನು ಕೇಳಿದಷ್ಟು ಹೇಳುತ್ತಿದ್ದೆ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಲಿನೆಟ್‌ಳ ವಿಷಯದಲ್ಲಿ ಮಾತ್ರ ನನಗೆ ತಡೆಯಲಾಗಲಿಲ್ಲ. ಶಾಲೆಯಿಂದ ಮಕ್ಕಳನ್ನೆಲ್ಲ ಫ್ರಾನ್ಸಿಗೆ ಕರೆದುಕೊಂಡು ಹೋಗುತ್ತಿದ್ದರು. ನೆವಿಲ್ ಕೊಡಲ್ಲ ಅಂದ. ಹುಡುಗಿ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತದ್ದು ನೋಡಲಾರದೆ ಶಾಲೆಗೆ ಕಟ್ಟಬೇಕಾದ ದುಡ್ಡನ್ನೆಲ್ಲ ನಾನೇ ಅವಳ ಕೈಗಿಟ್ಟೆ. ಒಂದು ವಾರ ಆದಮೇಲೆ ನೋಡುತ್ತೇನೆ, ಬಸ್ಸು ಹೊರಟು ಹೋಗಿದೆ, ಹುಡುಗಿ ನಮ್ಮ ಬೀದಿಯಲ್ಲೇ ಗೋಡೆಗೆ ಚೆಂಡು ಹೊಡೆಯುತ್ತಾ ನಿಂತಿದ್ದಾಳೆ. ಸೀದಾ ಅವನ ಮನೆಗೆ ನುಗ್ಗಿದೆ.

“ನನ್ನ ದುಡ್ಡು ಎಲ್ಲೋ?”

“ಮನೆಗೆ ಕಟ್ಟಿದೆ” ಅಂದ, ಕಣ್ಣು ಕೂಡ ಮಿಟುಕಿಸಲಿಲ್ಲ. “ಸುಮ್ನೆ ಯಾಕೆ ಕೂಗಾಡ್ತೀಯ? ಈ ಮನೆ ಮುಂದೆ ಅವಳದೇ ತಾನೇ? ಫ್ರಾನ್ಸಲ್ಲಿ ನಾಲ್ಕು ದಿನ ಬ್ರೆಡ್ ತಿಂದು ಬರೋದಕ್ಕಿಂತ ಇದು ಮೇಲು. ನಿನ್ನ ದುಡ್ಡು ಮೂರರಷ್ಟು ಆಯ್ತು. ನಂಗೆ ಥ್ಯಾಂಕ್ಸ್ ಹೇಳಬೇಕು ನೀನು.”

“ನಿನ್ನ ಮನೆಗಿಷ್ಟು ಬೆಂಕಿ ಹಾಕ!” ಅಂದೆ.

“ಹಾಕು. ವಿಮೆ ಇದೆ” ಅಂದ.

ಏವ್ರಿಲ್ ಆಗ ಅಲ್ಲೇ ನಿಂತು ಇಸ್ತ್ರಿ ಮಾಡುತ್ತಿದ್ದಳು. ಅವನ ಡಿಪೋ ಅಂಗಿ. ತಲೆ ಎತ್ತಲಿಲ್ಲ. ನಿಜ ಹೇಳುತ್ತೇನೆ, ಅವತ್ತು ನನಗೆ ಅವನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಹೆತ್ತ ಮಗಳ ಪಾಲಿನದನ್ನ ಕಿತ್ತುಕೊಂಡಾಗಲೂ ಸುಮ್ಮನಿರೋಳು ಎಂಥ ತಾಯಿ ಅನ್ನಿಸಿತು. ಲಿನೆಟ್‌ಗೂ ಹಾಗೇ ಅನ್ನಿಸಿರಬೇಕು. ಶಾಲೆ ಮುಗಿದದ್ದೇ ತಡ, ಬ್ರಿಸ್ಟಲ್‌ಗೆ ಹೋಗಿ ನರ್ಸ್ ಆದಳು. ಆಮೇಲೆ ಕ್ರಿಸ್ಮಸ್‌ಗೂ ಆ ಮನೆಗೆ ಕಾಲಿಡಲಿಲ್ಲ. ಮಗಳ ಊಟದ ಖರ್ಚು ಉಳಿಯಿತಲ್ಲ, ಅದನ್ನೂ ನೆವಿಲ್ ಕಂತಿನ ಮೇಲೆ ಸೇರಿಸಿ ಕಟ್ಟತೊಡಗಿದ.

ಹೀಗೆ ಹೊಟ್ಟೆ ಬಟ್ಟೆ ಕಟ್ಟಿ, ತನ್ನದಷ್ಟೇ ಅಲ್ಲ, ಬೇರೆಯವರ ಹೊಟ್ಟೆ ಬಟ್ಟೆಯನ್ನೂ ಕಟ್ಟಿಸಿ, ಅವಧಿಗೆ ಎಷ್ಟೋ ವರ್ಷ ಮೊದಲೇ ಸಾಲ ತೀರಿಸಿದ. ಕೊನೆಯ ಕಂತಿನ ದಿನ ಗಂಡ ಹೆಂಡತಿ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಬಸ್ ಹತ್ತಿ ಪೇಟೆಗೆ ಹೋಗಿ ಬಂದರು. ಬರುವ ಶನಿವಾರ ಬೀದಿಗೆಲ್ಲ ಪಾರ್ಟಿ ಅಂತ ಅವನು ಮನೆ ಮನೆಗೂ ಬಂದು ಕರೆದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಬಿಸಿನೀರು ಕುಡಿದವರಿಲ್ಲ. ಎದುರುಮನೆ ಆರ್ನಲ್ಡ್ “ನಮ್ಮ ಬಿಯರ್ ನಾವೇ ಒಯ್ಯಬೇಕಾ?” ಅಂತ ಕೇಳಿದ. “ತಂದ್ರೆ ಬೇಡ ಅನ್ನಲ್ಲ” ಅಂದ ನೆವಿಲ್.

ಹೋದೆವು. ಮನೆ ಬೆಚ್ಚಗಿತ್ತು! ಗೋಡೆಯ ಕಬ್ಬಿಣದ ಹೀಟರುಗಳೆಲ್ಲ ಬಳಕೆ ತಪ್ಪಿ ಹೋಗಿದ್ದರಿಂದ ಟಿಕ್ ಟಿಕ್ ಅಂತಿದ್ದವು, ಸುಟ್ಟ ಧೂಳಿನ ವಾಸನೆ. ಅವನು ಮದುವೆಯ ಸೂಟು ಹಾಕಿದ್ದ, ಗುಂಡಿ ಹತ್ತುತ್ತಿರಲಿಲ್ಲ. ಹಂದಿಮಾಂಸದ ಪೈ ಒಂದೇ ಒಂದು. ಅದನ್ನ ಬೀದಿಗೆಲ್ಲ ಆಗೋ ಹಾಗೆ ತೆಳ್ಳಗೆ ಕೊಯ್ದು ಹರಡಿದ್ದ. ಏವ್ರಿಲ್ ನೀಲಿ ಬಣ್ಣದ ಹೊಸ ಫ್ರಾಕು ಹಾಕಿ ಕಿಟಕಿ ಹತ್ತಿರ ಕೂತಿದ್ದಳು. ಹೊಸ ಫ್ರಾಕಿಗೆ ಇವನು ದುಡ್ಡು ಕೊಟ್ಟನಾ ಅಂತ ನಾನು ಬೆರಗಾದೆ.

ನೆವಿಲ್ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತ. “ಈ ಮನೇಲಿ ಇನ್ನು ಒಂದು ಇಟ್ಟಿಗೆಯೂ ಬೇರೆಯವರದಲ್ಲ” ಅಂದ. “ನನ್ನನ್ನ ಇಲ್ಲಿಂದ ಎಬ್ಬಿಸೋ ಗಂಡಸು ಈ ಭೂಮಿ ಮೇಲೆ ಇಲ್ಲ.” ಹೇಳುತ್ತಾ ಹೇಳುತ್ತಾ ಅತ್ತೇ ಬಿಟ್ಟ. ನನಗೂ ಅವನಮ್ಮ ಮಂಚದ ಮೇಲೆ ಕೂತದ್ದು ನೆನಪಾಗಿ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆರ್ನಲ್ಡ್ ಬಾಟಲಿ ಎತ್ತಿ ಕೂಗಿದ: “ಲೋ ನೆವಿಲ್, ಪತ್ರ ಎಲ್ಲೋ? ತೋರಿಸು, ನಾವೂ ನೋಡೋಣ!”

ನೆವಿಲ್ ಕಣ್ಣೊರೆಸಿಕೊಂಡು ಕಿಸಕ್ಕನೆ ನಕ್ಕ. “ನಾನೇನು ದಡ್ಡನೇನೋ? ಮನೆಪತ್ರ ಮನೇಲಿಟ್ರೆ ಇಲಿ ತಿನ್ನುತ್ತೆ, ಬ್ಯಾಂಕಲ್ಲಿಟ್ರೆ ಬಾಡಿಗೆ ಕೇಳ್ತಾರೆ. ಸಾಲ ಪೂರ್ತಿ ತೀರಿಸೋವರೆಗೆ ಸೊಸೈಟಿಯೋರೇ ತಮ್ಮ ತಿಜೋರೀಲಿ ಪುಗಸಟ್ಟೆ ಇಟ್ಕೋಬೇಕು. ಅದಕ್ಕೇ ಒಂದು ಪೌಂಡ್ ಬಾಕಿ ಬಿಟ್ಟು ಬಂದೆ! ಒಂದೇ ಒಂದು ಪೌಂಡ್! ಸಾಯೋವರೆಗೂ ಕಾಯ್ಕೊಂಡು ಬಿದ್ದಿರಲಿ, ನನ್ನ ಮಕ್ಳು!”

ಎಲ್ಲರೂ ಹೋ ಅಂದರು. ನಮ್ಮ ಕಡೆ ಘಾಟಿಗಳೆಲ್ಲ ಮಾಡುವ ಉಪಾಯವೇ ಅದು. ಆರ್ನಲ್ಡ್ ಅಂತೂ ಅವನ ಬೆನ್ನು ಚಪ್ಪರಿಸಿದ.

“ಆ ಪೌಂಡ್ ನಾನು ಗುರುವಾರ ಕಟ್ಟಿಬಿಟ್ಟೆ” ಅಂದಳು ಏವ್ರಿಲ್.

ಕೂತಲ್ಲಿಂದಲೇ ಹೇಳಿದಳು, ಜೋರಾಗೂ ಅಲ್ಲ. ನೆವಿಲ್‌ಗೆ ಅರ್ಥವಾಗಲಿಲ್ಲ. “ಯಾಕೆ ಕಟ್ಟಿದೆ, ಪೆದ್ದೀ? ಇವಳಿಗೆ ಲೆಕ್ಕ ಅಂದ್ರೆ ಅಷ್ಟಕ್ಕಷ್ಟೆ” ಅಂತ ನಮ್ಮ ಕಡೆ ನೋಡಿ ನಕ್ಕ.

“ನನ್ನ ಅರ್ಧದ ಮೇಲೆ ಸಾಲ ಇರೋದು ನಂಗಿಷ್ಟ ಇಲ್ಲ.”

“ಯಾವ ಅರ್ಧ?”

“ಈ ಮನೇಲಿ ಅರ್ಧ. ಸಹಿ ನಾನೂ ಹಾಕಿದ್ದೆ, ಮರೆತೆಯಾ? ವಕೀಲರನ್ನ ನೋಡಿ ಬಂದಿದೀನಿ, ಪತ್ರ ಅವರ ಹತ್ರಾನೇ ಇದೆ. ನಂಗೆ ನೀನು ಬೇಡ, ನೆವಿಲ್. ಅರ್ಧ ಸಾಕು.”

ಸ್ಟೂಲಿನ ಮೇಲೆ ನಿಂತವನು ಇಳಿಯೋದನ್ನೇ ಮರೆತ. ಯಾರೋ ಒಬ್ಬರು ಕೆಮ್ಮಿದರು. “ನಾಲ್ಕು ಜನದ ಮುಂದೆ… ಇದನ್ನ ಮೊದಲೇ ಹೇಳಬಾರದಿತ್ತಾ?” ಅಂದ.

“ಮೊದಲೇ ಹೇಳಿದ್ರೆ ಏನು ಸಿಗ್ತಿತ್ತು? ಸಾಲದ ಮನೇಲಿ ಅರ್ಧ ಅಂದ್ರೆ ಸಾಲದಲ್ಲಿ ಅರ್ಧ” ಅಂದಳು ಏವ್ರಿಲ್. ಎದ್ದು, ಬಾಗಿಲ ಹಿಂದೆ ಇಟ್ಟಿದ್ದ ಪೆಟ್ಟಿಗೆ ತಗೊಂಡು, ನಮಗೆಲ್ಲ ಒಂದು ಸಲ ತಲೆಯಾಡಿಸಿ ಹೊರಟು ಹೋದಳು. ನಾವು ಪೈ ಮುಟ್ಟದೆ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದೆವು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಗೋಡೆಯಾಚೆ ಅವನು ಒಬ್ಬನೇ ಹೀಟರುಗಳನ್ನ ಒಂದೊಂದಾಗಿ ಆರಿಸುವ ಸದ್ದು ಕೇಳಿಸಿತು. ನಗು ನಿಂತಿತು.

ನೆವಿಲ್ ಜಗಳಕ್ಕೇನೂ ಕಡಿಮೆ ಮಾಡಲಿಲ್ಲ. ಹೆಚ್ಚಿಗೆ ಕಟ್ಟಿದ್ದೆಲ್ಲ ನನ್ನ ಓವರ್‌ಟೈಮು ಅಂತ ಕೋರ್ಟಿನಲ್ಲಿ ವಾದ ಹೂಡಿದ. ಅಷ್ಟು ವರ್ಷ ನೀನು ಉಂಡದ್ದು ಯಾರ ದುಡ್ಡಲ್ಲಿ ಅಂತ ನ್ಯಾಯಾಧೀಶರು ಕೇಳಿದರಂತೆ. ಮನೆಗೆ ಬೆಲೆ ಕಟ್ಟಿದರು: ಅರವತ್ತು ಸಾವಿರ. ಹೆಂಡತಿಯ ಪಾಲು ಮೂವತ್ತು. ಕೊಡಬೇಕು, ಇಲ್ಲವೇ ಮನೆ ಮಾರಿ ಹಂಚಿಕೊಳ್ಳಬೇಕು. ಕೈಯಲ್ಲಿ ಕಾಸಿಲ್ಲ, ಇದ್ದಬದ್ದದ್ದೆಲ್ಲ ಇಟ್ಟಿಗೆಯೊಳಗೆ ಸೇರಿತ್ತಲ್ಲ. ಇಡೀ ಮನೆಯನ್ನ ಹದಿಮೂರು ಸಾವಿರಕ್ಕೆ ಕೊಂಡವನು ಅದೇ ಮನೆಯ ಅರ್ಧಕ್ಕೆ ಮೂವತ್ತು ಸಾವಿರ ಸಾಲ ಮಾಡಬೇಕು, ಅದೂ ಐವತ್ತೈದು ದಾಟಿದ ಮೇಲೆ. ಕೇಳಿದವರೆಲ್ಲ ಬೇಡ ಕಣೋ, ಮಾರಿ ಸಣ್ಣದೊಂದು ಬಾಡಿಗೆ ಮನೆ ಹಿಡಿ ಅಂದರು. ಬಾಡಿಗೆ ಅನ್ನೋ ಮಾತಿಗೆ ಅವನ ಮುಖ ಸುಣ್ಣವಾಯಿತು. ಅದೇ ಸೊಸೈಟಿಗೆ ಹೋಗಿ ಸಹಿ ಹಾಕಿದ.

ಅವತ್ತು ನಾನೂ ಏನೋ ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದೆ, ಸರದಿಯಲ್ಲಿ ಅವನ ಹಿಂದೆಯೇ ನಿಂತಿದ್ದೆ. ಕೌಂಟರಿನಲ್ಲಿ ಹೊಸ ಹುಡುಗಿ. ನೆವಿಲ್ ಮೊದಲ ಕಂತು ಕೊಟ್ಟು, ಜೇಬಿನಿಂದ ಇನ್ನಷ್ಟು ನೋಟು ತೆಗೆದು ಮುಂದಿಟ್ಟ. “ಇದನ್ನ ಮೇಲೆ ಸೇರಿಸಮ್ಮ. ಅಸಲಿಗೆ.”

ಹುಡುಗಿ ಕಂಪ್ಯೂಟರ್ ನೋಡಿದಳು. “ಹೊಸ ಸಾಲಕ್ಕೆ ಹಾಗೆ ಇಷ್ಟ ಬಂದಷ್ಟು ಕಟ್ಟೋ ಹಾಗಿಲ್ಲ ಸಾರ್. ಮೊದಲ ಕೆಲವು ವರ್ಷದವರೆಗೆ, ವರ್ಷಕ್ಕೆ ಇಷ್ಟೇ ಅಂತ ಮಿತಿ ಇದೆ. ಅದನ್ನ ದಾಟಿದ್ರೆ ದಂಡ ಬೀಳುತ್ತೆ.”

“ದಂಡಾನಾ?” ಅಂದ. “ಕಟ್ಟದೇ ಇರೋನಿಗಲ್ಲ, ಕಟ್ಟೋಕೆ ಬಂದೋನಿಗೆ ದಂಡಾನಾ?”

ನೋಟುಗಳನ್ನ ಒಂದೊಂದಾಗಿ ಎಣಿಸಿ ವಾಪಸ್ ಜೇಬಿಗೆ ತುರುಕಿಕೊಂಡ. ನಾನು ಬೇರೆ ಕಡೆ ನೋಡಿದೆ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಬಾಗಿಲು ತಟ್ಟಿದ. ಮೈ ಇಳಿದು ಹೋಗಿತ್ತು. ಒಳಗೆ ಬರಲಿಲ್ಲ, ಹೊಸಿಲ ಆಚೆಯೇ ನಿಂತ. “ಏವ್ರಿಲ್‌ನ ನೋಡೋಕೆ ಹೋಗ್ತೀಯಂತೆ?”

“ಹೌದು. ಏನೀಗ?”

“ಒಂದು ಮಾತು ಕೇಳ್ಕೊಂಡು ಬಾ. ಯಾವತ್ತು ತೀರ್ಮಾನ ಮಾಡಿದ್ದು ಅಂತ. ಅಷ್ಟು ವರ್ಷ ಪಕ್ಕದಲ್ಲೇ ಮಲಗ್ತಿದ್ದಳಲ್ಲ, ಎಲ್ಲಾನೂ ನಾಟಕಾನಾ? ನಡುವೆ ಒಂದ್ಸಲಾದ್ರೂ… ಇರೋಣ ಅಂತ ಅನ್ನಿಸ್ಲೇ ಇಲ್ವಾ?”

ಏವ್ರಿಲ್ ಆಗ ಲಿನೆಟ್ ಮನೆಯ ಹತ್ತಿರವೇ ಒಂದು ಸಣ್ಣ ಫ್ಲ್ಯಾಟ್ ಮಾಡಿಕೊಂಡಿದ್ದಳು. ರೈಲು ಹತ್ತಿ ಹೋದೆ. ಮಗಳು ಇನ್ನೂ ಅವಳ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. “ನೀನೂ ಕಾದು ಕೂತೆಯಲ್ಲಮ್ಮ, ಅವನಿಗೂ ನಿನಗೂ ಏನು ವ್ಯತ್ಯಾಸ?” ಅಂದಳಂತೆ. ಅದನ್ನ ಏವ್ರಿಲ್ಲೇ ನನಗೆ ಹೇಳಿದಳು. ಆಮೇಲೆ ನಾನು ನೆವಿಲ್‌ನ ಪ್ರಶ್ನೆ ಕೇಳಿದೆ. ಅವಳು ಹೇಳಿದ್ದನ್ನ ಒಂದಕ್ಷರ ಬಿಡದೆ ಕೇಳಿಕೊಂಡು ಬಂದೆ.

ಅವನಿಗೆ ಹೇಳಬೇಕಾ ಬೇಡವಾ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಸಾಯಲಿ, ಸುಳ್ಳು ಹೇಳಿಬಿಡೋಣ ಅಂತಲೂ ಅನ್ನಿಸಿತು. ಆದರೆ ಅವನು ನನಗೋಸ್ಕರ ರೈಲು ನಿಲ್ದಾಣದಲ್ಲೇ ಕಾಯುತ್ತಾ ನಿಂತಿದ್ದ.

“ವಕೀಲರ ವಿಳಾಸದ ಚೀಟಿ ವರ್ಷಗಟ್ಟಲೆ ಅವಳ ಕೈಚೀಲದಲ್ಲೇ ಇತ್ತಂತೆ ಕಣೋ” ಅಂದೆ. “ಆದ್ರೂ ಗಟ್ಟಿ ಮನಸ್ಸು ಮಾಡಿರ್ಲಿಲ್ಲ. ಕೊನೇ ಕಂತು ಕಟ್ಟೋ ದಿನ ನೀವಿಬ್ರೂ ಪೇಟೆಗೆ ಹೋಗಿದ್ರಲ್ಲ, ಸೊಸೈಟಿ ಮೆಟ್ಟಿಲು ಇಳೀತಾ ಅವಳು, ಎಲ್ಲಾ ಮುಗೀತಲ್ಲ, ಮಾರ್ಕೆಟ್ ಹೋಟ್ಲಲ್ಲಿ ಕೂತು ಒಂದೊಂದು ಕಪ್ ಟೀ ಕುಡಿಯೋಣ ಅಂದಳಂತೆ. ನೀನು ಕುಡಿಸಿದ್ರೆ ಅಲ್ಲೇ ಆ ಚೀಟಿ ಹರಿದು ಹಾಕೋದು ಅಂತ ಇದ್ದಳಂತೆ. ನೀನು ಬೇಡ ಅಂದೆಯಂತೆ.”

ನೆವಿಲ್ ಜ್ಞಾಪಿಸಿಕೊಂಡ. ಅವನ ತುಟಿ ಅಲ್ಲಾಡಿತು. ಲೆಕ್ಕ ಹಾಕುತ್ತಿದ್ದನೋ, ಅಳುತ್ತಿದ್ದನೋ, ಆ ಮುಖದಲ್ಲಿ ಗೊತ್ತಾಗುವುದೇ ಇಲ್ಲ. ಕೊನೆಗೆ ಏನೂ ತಿಳಿಯದ ಮಗುವಿನ ಹಾಗೆ ನನ್ನನ್ನೇ ನೋಡಿದ.

“ಟೀ ಮನೇಲೇ ಇತ್ತಲ್ಲ, ವಿನಿ” ಅಂದ.